ಮಂಗಳೂರು: ಅಚ್ಚು ಮತ್ತು ಹಂಚಿನ ಜಾಡಿನಲ್ಲಿ

ಮಂಗಳೂರಿಗೆ ಆಗಮಿಸುವ ಪ್ರವಾಸಿಗರಲ್ಲಿ ಹಲವರು ಕದ್ರಿ ದೇವಾಲಯ ಹಾಗೂ ಪಣಂಬೂರು ಕಡಲತೀರವನ್ನಷ್ಟೇ ಸಂದರ್ಶಿಸಿ ಹಿಂದಿರುಗುತ್ತಾರೆ. ಆದರೆ ಕನ್ನಡದ ಪ್ರಥಮ ಪತ್ರಿಕೆ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾದುದು ಇದೇ ನಗರದಲ್ಲಿ. ಕಿಟೆಲ್ ಅವರ ನಿಘಂಟು ಸಹ 1894ರಲ್ಲಿ ಇಲ್ಲಿಯ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಹೊರಬಂದಿತು.

ಇದೇ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿತು. ಅಂತಹ ಕೆಂಪು ಹಂಚಿನ ಮಾಡುಗಳನ್ನು ಹಳೆಯ ಬಂದರು ಪ್ರದೇಶದ ಕಟ್ಟಡಗಳ ಮೇಲೆ ಈಗಲೂ ನೋಡಬಹುದಾಗಿದೆ. ಕಾಂಕ್ರೀಟ್ ಕಟ್ಟಡಗಳು ಇವುಗಳ ಸ್ಥಾನವನ್ನು ಆಕ್ರಮಿಸುತ್ತಿರುವುದರಿಂದ ಭೇಟಿಯನ್ನು ಮುಂದೂಡದಿರುವುದು ಲೇಸು. ಇಲ್ಲಿಯ ಬೀದಿಗಳು ಇಕ್ಕಟ್ಟಾಗಿದ್ದು, ಬೆಳಗಿನ ಹೊತ್ತು ಕಾಲ್ನಡಿಗೆಯೇ ಅನುಕೂಲಕರ. ಮಳೆಗಾಲದಲ್ಲಿ ಬಂದವರಿಗೆ ಇಳಿಜಾರು ಮಾಡಿನ ಉಪಯುಕ್ತತೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಮಿಷನ್ನಿನ ಹಳೆಯ ಪುಸ್ತಕ, ದಾಖಲೆಗಳು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಇದು ಶಿಕ್ಷಣ ಸಂಸ್ಥೆಯಾದುದರಿಂದ ಆಸಕ್ತರು ಮುಂಚಿತವಾಗಿ ಅನುಮತಿ ಕೋರಿ ಪತ್ರ ಬರೆಯುವುದು ಸೂಕ್ತ.