ದುಮಿಂಗ್ ನಡೆದು ಬಂದ ದಾರಿ



ಜುರಾಂಗ್ ಐಲ್ಯಾಂಡ್‌ನಲ್ಲಿ ಸಂಬಳದ ಪಟ್ಟಿ ತಾಳೆ ನೋಡುವುದು ನನ್ನ ಕೆಲಸ. ಪಟ್ಟಿಯಲ್ಲಿ ಡೊಮಿನಿಕ್ ಆಗಿರುವ ಮಂಗಳೂರಿಗ ಮನೆಯಲ್ಲಿ ದುಮಿಂಗ್, ಇಗ್ನೇಷಿಯಸ್, ಇನಾಸ್. ಇಂಗ್ಲಿಷ್ ಹೆಸರು ಹಳ್ಳಿಯವರ ಬಾಯಲ್ಲಿ ಕೆಟ್ಟಿತು ಎಂದು ನಗುವವರಿದ್ದಾರೆ. ಲೆಕ್ಕ ಹಾಗಿಲ್ಲ.

ಲ್ಯಾಟಿನ್‌ನಲ್ಲಿ ಡೊಮಿನಸ್ ಎಂದರೆ ಒಡೆಯ. ಡೊಮಿನಿಕಸ್, ಒಡೆಯನಿಗೆ ಸೇರಿದವನು. ಭಾನುವಾರ ದೇವರ ದಿನವಾದ್ದರಿಂದ ಪೋರ್ಚುಗೀಸರಿಗೆ ಅದು ದೊಮಿಂಗೊ. ಅಂದು ಹುಟ್ಟಿದ ಮಗುವಿಗೂ ಅದೇ ಹೆಸರಿಡುತ್ತಿದ್ದರು. ಅವರು ಗೋವಾ ಹಿಡಿದದ್ದು 1510ರಲ್ಲಿ. ಮುಂದೆ ಅಲ್ಲಿಂದ ಕೆನರಾಕ್ಕೆ ವಲಸೆ ಬಂದ ಕೊಂಕಣಿ ಕ್ರೈಸ್ತರು ಹೆಸರನ್ನೂ ಹೊತ್ತು ತಂದರು. ಕೆನರಾ ಬ್ರಿಟಿಷರ ಕೈಸೇರಿದ್ದು 1799ರಲ್ಲಿ. ಕರಾವಳಿಗೆ ದುಮಿಂಗನೇ ಹಿರಿಯ, ಡೊಮಿನಿಕ್ ಆಮೇಲೆ ಬಂದವನು.

ಇನಾಸನ ಮೂಲ ಎಗ್ನಾಟಿಯಸ್, ರೋಮಿನ ಒಂದು ಕುಲನಾಮ. ಬೆಂಕಿ ಎಂಬರ್ಥದ ಇಗ್ನಿಸ್‌ಗೆ ಹೊಂದುವಂತೆ ಜನ ಅದರ ಕಾಗುಣಿತ ತಿದ್ದಿದರು. ಇಗ್ನಿಸ್ ನಮ್ಮ ಅಗ್ನಿಯ ದಾಯಾದಿಯೇ!

ಊರಿನ ಪಹಣಿಯಲ್ಲಿ ದುಮಿಂಗ್, ಪಾಸ್‌ಪೋರ್ಟಿನಲ್ಲಿ ಡೊಮಿನಿಕ್ ಎಂದಿದ್ದರೆ ನಾಳೆ ಮಕ್ಕಳು ಜಮೀನಿಗಾಗಿ ಕಚೇರಿ ಅಲೆಯಬೇಕಾದೀತು. ನಾಚಿಕೆಪಟ್ಟು ಹಳೆಯ ಹೆಸರು ಮುಚ್ಚಿಡಬೇಡಿ. ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಿಡಿ (ಅದೂ ಲ್ಯಾಟಿನ್ನೇ, ‘ಆಣೆಯಿಟ್ಟು ಹೇಳಿದ್ದಾನೆ’ ಎಂದರ್ಥ). ಎರಡೂ ಹೆಸರು ಅದರಲ್ಲಿರಲಿ, ಅಕ್ಷರ ತಪ್ಪದಂತೆ.