ಪಹಣಿ, ಪೋಡಿ, ಪಾರ್ಟಿಶನ್

ಹನ್ನೆರಡು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ನಡೆದದ್ದು ಬೆಂಗಳೂರಿನ ಆಫೀಸಿನಲ್ಲಲ್ಲ, ನಿಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ. ಅಪ್ಪ, ಚಿಕ್ಕಪ್ಪ ಇಬ್ಬರೂ ಎದುರಿಗೇ ಕೂತಿದ್ದರು. ತಾತನ ಕಾಲದ ಪಾಲುಪಟ್ಟಿ, ಸರ್ವೆ ಟಿಪ್ಪಣಿಯ ನಕಲು ಎಲ್ಲವನ್ನೂ ಹಿಂದೊಮ್ಮೆ ಸ್ಕ್ಯಾನ್ ಮಾಡಿ ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೆ. ಮೂಲ ಕಾಗದಗಳನ್ನು ಆಮೇಲೆ ಗೆದ್ದಲು ತಿಂದಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಲು ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಬೇಕಿತ್ತು. ಪೆನ್ ಡ್ರೈವಿನಲ್ಲಿ ಹಳೆಯ ಲಿನಕ್ಸ್ ತುಂಬಿತ್ತು. ಟರ್ಮಿನಲ್ ತೆರೆದು, ಎಫ್‌ಡಿಸ್ಕ್‌ನಲ್ಲಿ ಅದರ ಪಾರ್ಟಿಶನ್ ಅಳಿಸಿ, ಡಬ್ಲ್ಯು ಒತ್ತಿದೆ. ಮಿನುಗಿದ್ದು ಪೆನ್ ಡ್ರೈವಿನ ದೀಪವಲ್ಲ, ಹಾರ್ಡ್ ಡಿಸ್ಕಿನದು. ಎಸ್‌ಡಿಸಿ ಅಂತ ಕೊಡಬೇಕಾದಲ್ಲಿ ಎಸ್‌ಡಿಬಿ ಅಂತ ಕೊಟ್ಟಿದ್ದೆ.

ನನ್ನ ಮುಖ ನೋಡಿ ಚಿಕ್ಕಪ್ಪ ಕೇಳಿದರು: "ಏನ್ಲಾ, ಜಮೀನು ಅಳಿಸಿಬಿಟ್ಟೇನ್ಲಾ?"

"ಜಮೀನಲ್ಲ ಚಿಕ್ಕಪ್ಪ, ಪಹಣಿ ಅಳಿಸಿದೀನಿ. ಜಮೀನು ಇದ್ದಲ್ಲೇ ಐತೆ" ಅಂದೆ.

ಧೈರ್ಯಕ್ಕೆ ಹೇಳಿದ ಮಾತು. ಆದರೆ ಅದರ ಹಿಂದೆ ಎರಡು ಇತಿಹಾಸಗಳಿವೆ, ಒಂದು ನಮ್ಮ ಹೊಲದ್ದು, ಇನ್ನೊಂದು ಡಿಸ್ಕಿನದು.

ಹೊಲದ್ದು ಹಳೆಯದು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ. ಪದ್ಧತಿ ಮುಂಬೈ ಪ್ರಾಂತ್ಯದಿಂದ ಬಂದದ್ದು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಹೊಲದ ಮೂಲೆಗೆ ಕಲ್ಲು ನೆಟ್ಟು, ಸರ್ವೆ ನಂಬರ್ ಕೊಟ್ಟು, ಅಳತೆಯನ್ನು ಟಿಪ್ಪಣಿಯಲ್ಲಿ ಬರೆದಿಟ್ಟರು. ಇವತ್ತಿಗೂ ಸರ್ವೆಯರ್ ಹೊಲಕ್ಕೆ ಬಂದರೆ ಮೊದಲು ಹುಡುಕೋದು ಆ ಕಲ್ಲನ್ನೇ.

ಡಿಸ್ಕಿನದು ಈಚಿನದು. 1956ರಲ್ಲಿ ಐಬಿಎಂನ ರಾಮಾಕ್ ಯಂತ್ರದ ಜೊತೆ ಬಂದ ಮೊದಲ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಇವತ್ತಿನ ಮೊಬೈಲಿನ ಒಂದೆರಡು ಫೋಟೋದಷ್ಟು. 1971ರ ಮೊದಲ ಯುನಿಕ್ಸ್‌ನಲ್ಲೇ ಮೌಂಟ್ ಕಮಾಂಡ್ ಇತ್ತು. ಪಿಸಿಯ ಡಿಸ್ಕಿಗೆ ಪಾಲುಪಟ್ಟಿ ಬಂದದ್ದು 1983ರಲ್ಲಿ, ಐಬಿಎಂ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಜೊತೆಗೆ. ಆಗ ಡಿಸ್ಕಿನ ಅಳತೆ 10 ಎಂಬಿ, ಪಾಲು ಮಾಡಲು ಕೊಟ್ಟ ಸಲಕರಣೆಯ ಹೆಸರು ಎಫ್‌ಡಿಸ್ಕ್. ಲಿನಕ್ಸಿನ ಎಫ್‌ಡಿಸ್ಕ್ ಬೇರೆಯೇ ಪ್ರೋಗ್ರಾಂ, ಆದರೆ ಹೆಸರು, ಕೆಲಸ ಎರಡೂ ಅದೇ.

ಡಿಸ್ಕಿನ ಗುಂಟೆ ಅಂದರೆ ಸೆಕ್ಟರ್, ಒಂದಕ್ಕೆ 512 ಬೈಟ್. ಒಂದು ಟಿಬಿ ಡಿಸ್ಕಿನಲ್ಲಿ ಇಂಥವು 195 ಕೋಟಿಗೂ ಹೆಚ್ಚು. ಮೊದಲ ಸೆಕ್ಟರಿನ ಕೊನೆಯಲ್ಲಿ, 64 ಬೈಟ್ ಜಾಗದಲ್ಲಿ, ಇಡೀ ಡಿಸ್ಕಿನ ಪಾಲುಪಟ್ಟಿ ಇರುತ್ತದೆ. ನಾಲ್ಕು ಪಾಲು, ಪಾಲಿಗೆ 16 ಬೈಟ್. ಅದರಲ್ಲಿ ಮುಖ್ಯವಾಗಿ ಎರಡು ಸಂಖ್ಯೆ: ಎಲ್ಲಿಂದ ಶುರು, ಎಷ್ಟು ಸೆಕ್ಟರ್. ನಾನು ಅಳಿಸಿದ್ದು ಇಷ್ಟನ್ನೇ. ಫೈಲುಗಳು ಅಲ್ಲಾಡಿರಲಿಲ್ಲ.

ಪಹಣಿ ಅಂದೆನಲ್ಲ, ಆ ಹೋಲಿಕೆ ಪೂರ್ತಿ ಸರಿಯಿಲ್ಲ. ಅದು ಗೊತ್ತಾಗಬೇಕಾದರೆ 'ಭೂಮಿ' ಯೋಜನೆಯ ಕಡೆ ಬರಬೇಕು.

ನಾನು ಹುಡುಗನಾಗಿದ್ದಾಗ ಪಹಣಿ ಅಂದರೆ ಶಾನುಭೋಗರ ಕೈಬರಹ. ಹೆಸರು ವಿಲೇಜ್ ಅಕೌಂಟೆಂಟ್ ಅಂತ ಬದಲಾಗಿದ್ದರೂ ನಮ್ಮೂರಿಗೆ ಅವರು ಶಾನುಭೋಗರೇ. ರಾಜ್ಯದಲ್ಲಿ ಅಂಥವರು ಸುಮಾರು 9000 ಜನ, ಪುಸ್ತಕ ಅವರ ವಶ. ಪಹಣಿ ಬೇಕಾದರೆ ಅವರನ್ನು ಹುಡುಕಿಕೊಂಡು ಅಲೆಯಬೇಕು. 2000ದ ಆಸುಪಾಸಿನಲ್ಲಿ, ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್. ಗುಬ್ಬಿಯಿಂದ ಅಪ್ಪ ಮೊದಲ ಪ್ರಿಂಟ್ ತಂದ ದಿನ ಅದನ್ನು ಮದುವೆ ಕಾಗದದ ಹಾಗೆ ಎಲ್ಲರಿಗೂ ತೋರಿಸಿದ್ದರು.

ಆ ವ್ಯವಸ್ಥೆಯ ಒಂದು ಜಾಣತನ ನನಗೆ ಕೆಲಸಕ್ಕೆ ಸೇರಿದ ಮೇಲೆ ಅರ್ಥವಾಯಿತು. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರೆ ತಕ್ಷಣ ಬದಲಾಗುತ್ತಿರಲಿಲ್ಲ. ನೋಟಿಸ್ ಕೊಟ್ಟು, ತಕರಾರಿಗೆ 30 ದಿನ ಕಾಯುತ್ತಿದ್ದರು. ಎಫ್‌ಡಿಸ್ಕ್ ಕೂಡ ನಾವು ಮಾಡಿದ್ದನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಡಬ್ಲ್ಯು ಒತ್ತುವ ತನಕ ಡಿಸ್ಕಿನಲ್ಲಿ ಏನೂ ಬದಲಾಗಲ್ಲ, ಕ್ಯು ಒತ್ತಿ ಎದ್ದು ಹೋಗಬಹುದು. ನನಗಿದ್ದ ಆ ಅವಕಾಶವನ್ನು ನಾನು ಎರಡು ಸೆಕೆಂಡಿನಲ್ಲಿ ಮುಗಿಸಿದ್ದೆ.

ಆದರೆ ಕೈಬರಹದ ಪುಸ್ತಕದಲ್ಲಿ ಇಲ್ಲದ್ದು ಕಂಪ್ಯೂಟರಿಗೂ ಬರಲಿಲ್ಲ. ನಮ್ಮ ಪಹಣಿಯಲ್ಲಿ ಒಂದೇ ಸರ್ವೆ ನಂಬರ್, ಒಟ್ಟು 4 ಎಕರೆ 10 ಗುಂಟೆ. ಅಪ್ಪನ ಹೆಸರಿಗೆ 2 ಎಕರೆ 5 ಗುಂಟೆ, ಚಿಕ್ಕಪ್ಪನ ಹೆಸರಿಗೆ ಅಷ್ಟೇ. ಯಾವ ಕಡೆಯ 2 ಎಕರೆ? ಪಹಣಿ ಹೇಳಲ್ಲ. ಹೇಳಬೇಕಾದರೆ ಅಳತೆ ಮಾಡಿ, ನಕ್ಷೆ ಬರೆದು, ಬೇರೆ ಹಿಸ್ಸಾ ನಂಬರ್ ಕೊಡಬೇಕು. ಅದೇ ಪೋಡಿ. ರಾಜ್ಯದ ತುಂಬ ಇಂಥ ಬಹುಮಾಲೀಕತ್ವದ ಪಹಣಿಗಳಿವೆ. ಹೆಸರು, ವಿಸ್ತೀರ್ಣ ಕಂದಾಯ ಇಲಾಖೆಯ ಪುಸ್ತಕದಲ್ಲಿ, ಗೆರೆ ಭೂಮಾಪನ ಇಲಾಖೆಯ ನಕ್ಷೆಯಲ್ಲಿ.

ಎಂಜಿನಿಯರ್ ಭಾಷೆಯಲ್ಲಿ ಹೇಳೋದಾದರೆ ನಮ್ಮ ಪಹಣಿಯಲ್ಲಿ 'ಎಷ್ಟು' ಇದೆ, 'ಎಲ್ಲಿಂದ' ಇಲ್ಲ. ಶುರುವಿನ ಸೆಕ್ಟರ್ ಇಲ್ಲದ ಪಾರ್ಟಿಶನ್ ಟೇಬಲನ್ನು ಯಾವ ಲಿನಕ್ಸೂ ಒಪ್ಪಲ್ಲ. ನಾವು ಮೂವತ್ತು ವರ್ಷ ಅದರ ಮೇಲೇ ರಾಗಿ ಬಿತ್ತಿದ್ದೆವು, ತೆಂಗು ಕಟ್ಟಿದ್ದೆವು. ಇಬ್ಬರೂ ಚೆನ್ನಾಗಿದ್ದಷ್ಟು ದಿನ ಏನೂ ತೊಂದರೆಯಾಗಲಿಲ್ಲ. ಚಿಕ್ಕಪ್ಪ ಬೋರ್‌ವೆಲ್ ಹಾಕಿಸಲು ಹೊರಟಾಗ, ನಡುವಿನ ತೆಂಗಿನ ಸಾಲು ಯಾರದ್ದು ಅನ್ನೋ ಪ್ರಶ್ನೆ ಬಂತು. ಆರು ತಿಂಗಳು ಮಾತು ನಿಂತಿತ್ತು. ಪಾಲುಪಟ್ಟಿ ನೋಡೋಣ ಅಂತ ಅವತ್ತು ಇಬ್ಬರನ್ನೂ ಕೂರಿಸಿದ್ದೇ ದೊಡ್ಡದು, ಅಷ್ಟರಲ್ಲಿ ನಾನು ಅದನ್ನೂ ಅಳಿಸಿದ್ದೆ.

ಕಾಫಿ ಬಂತು, ಕೈ ನಡುಕ ನಿಂತಿತು. ಆ ಡಿಸ್ಕನ್ನು ಪಾಲು ಮಾಡಿದ್ದು ನಾನೇ, ಇದೇ ಸಲಕರಣೆಯಲ್ಲಿ. ಈಗಿನ ಎಫ್‌ಡಿಸ್ಕ್ ಮೊದಲ ಪಾಲನ್ನು ಸಾಮಾನ್ಯವಾಗಿ 2048ನೇ ಸೆಕ್ಟರಿನಿಂದ ಶುರುಮಾಡುತ್ತದೆ. ಈ ಸಲ ಎಲ್‌ಎಸ್‌ಬ್ಲಾಕ್ ಕೊಟ್ಟು ಯಾವುದು ಯಾವ ಅಳತೆ ಅಂತ ಎರಡು ಸಲ ನೋಡಿಕೊಂಡೆ. 2048ರಿಂದ ಕೊನೆಯವರೆಗೆ ಹೊಸ ಗೆರೆ ಎಳೆದೆ. "ಇಲ್ಲಿ ಹಳೆಯ ಫೈಲ್ ಸಿಸ್ಟಮ್ಮಿನ ಗುರುತು ಇದೆ, ತೆಗೆಯಲಾ?" ಅಂತ ಕೇಳಿತು. ಬೇಡ ಅಂದೆ. ಓದೋಕೆ ಮಾತ್ರ ಅಂತ ಮೌಂಟ್ ಮಾಡಿದೆ. ಫೋಲ್ಡರ್ ಇದ್ದಲ್ಲೇ ಇತ್ತು.

ಪಾಲುಪಟ್ಟಿಯ ಚಕ್ಕುಬಂದಿಯಲ್ಲಿ ಗಡಿಗೆ ಹುಣಿಸೆಮರ ಅಂತಿತ್ತು. ಆ ಮರ ಬಿದ್ದು ಎಷ್ಟೋ ವರ್ಷ ಆಗಿದೆ. ಆದರೆ ಕೆಳಗೆ ತಾತ ಇನ್ನೊಂದು ಸಾಲು ಬರೆಸಿದ್ದರು, ಮೂಲೆಕಲ್ಲಿನಿಂದ ಎಷ್ಟು ಸರಪಳಿ, ಎಷ್ಟು ಆಣೆ ಅಂತ. ಪೋಡಿಗೆ ಅರ್ಜಿ ಹಾಕಿದೆವು. ಸರ್ವೆಯರ್ ಬಂದು ಅಳೆದಾಗ ತೆಂಗಿನ ಸಾಲು ಚಿಕ್ಕಪ್ಪನ ಕಡೆಗೆ ಹೋಯಿತು. ಗೊಬ್ಬರ ಹಾಕಿ ಬೆಳೆಸಿದ್ದು ಅಪ್ಪ. ಎರಡು ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಚಿಕ್ಕಪ್ಪನೇ ಎಳನೀರು ತಂದು ಜಗಲಿಯ ಮೇಲಿಟ್ಟು, "ಅಣ್ಣ, ಕುಡಿ" ಅಂದರು.

ಈಗ ನನ್ನ ಪ್ರತಿ ಡಿಸ್ಕಿನ ಪಾಲುಪಟ್ಟಿಯನ್ನು ಎಸ್‌ಎಫ್‌ಡಿಸ್ಕ್‌ನಿಂದ ತೆಗೆದು ಪ್ರಿಂಟ್ ಹಾಕಿಸುತ್ತೇನೆ, ಅರ್ಧ ಪುಟವೂ ಆಗಲ್ಲ. ನಿಟ್ಟೂರಿನ ಟ್ರಂಕಿನಲ್ಲಿ, ನುಸಿಗುಳಿಗೆ ಹಾಕಿ, ಹೊಸ ಪಹಣಿಯ ಜೊತೆಗೇ ಇಟ್ಟಿದ್ದೇನೆ.