ರೋಲ್‌ಪ್ಲೇಯಿಂಗ್ ಆಟಗಳಲ್ಲಿ ವಯಸ್ಕರ ವಿಷಯಗಳ ನಿರ್ವಹಣೆ

ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳ ಕತೆಯೊಳಗೆ ಕ್ರೌರ್ಯ, ಲೈಂಗಿಕತೆ, ಆತ್ಮಹತ್ಯೆ, ಮಕ್ಕಳ ಸಾವಿನಂಥ ವಿಷಯಗಳು ಬರುವುದುಂಟು. ಅವು ಎಷ್ಟರಮಟ್ಟಿಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಆಟಗಾರರು ರೂಢಿಸಿಕೊಂಡಿರುವ ಕ್ರಮಗಳನ್ನು ಒಟ್ಟಾಗಿ ಸೇಫ್ಟಿ ಟೂಲ್ಸ್ ಎನ್ನುತ್ತಾರೆ. ಈ ಆಟಗಳಲ್ಲಿ ಗೇಮ್ ಮಾಸ್ಟರ್ ಸನ್ನಿವೇಶವನ್ನು ಬಣ್ಣಿಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ ಮಾತಿನಲ್ಲೇ ಕತೆ ಬೆಳೆಸುತ್ತಾರೆ, ಅನುಮಾನವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಸಿನಿಮಾಕ್ಕೆ ಸೆನ್ಸಾರ್ ಪ್ರಮಾಣಪತ್ರವಿದೆ, ಕಾದಂಬರಿಯನ್ನು ಮಡಿಸಿ ಪಕ್ಕಕ್ಕಿಡಬಹುದು. ಇಲ್ಲಿ ಕತೆ ಆ ಗಳಿಗೆಯಲ್ಲೇ ಹುಟ್ಟುವುದರಿಂದ ಮುಂದಿನ ಮಾತು ಯಾರಿಗೂ ಗೊತ್ತಿರುವುದಿಲ್ಲ. ಆಟಗಾರರು ತಮ್ಮ ಪಾತ್ರವನ್ನು ‘ನಾನು’ ಎಂದೇ ಹೇಳಿಕೊಳ್ಳುತ್ತಾರೆ. ‘ಅವಳನ್ನು ಕಟ್ಟಿಹಾಕಿದರು’ ಎಂದು ಓದುವುದು ಬೇರೆ, ಎದುರಿಗೆ ಕುಳಿತ ಗೆಳೆಯ ಮುಖ ನೋಡಿ ‘ನಿನ್ನನ್ನು ಕಟ್ಟಿಹಾಕುತ್ತೇನೆ’ ಎನ್ನುವುದು ಬೇರೆ. ಸಮಸ್ಯೆಯ ಬೇರು ಇರುವುದು ಈ ಅಂತರದಲ್ಲಿ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. ಅದರ ಬಗ್ಗೆ ಮೊದಲ ದೊಡ್ಡ ಗದ್ದಲ ಎದ್ದದ್ದು ಹೊರಗಿನಿಂದ. 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂಬ ಭಯ ಹಬ್ಬಿತು. 1989ರ ಎರಡನೆಯ ಆವೃತ್ತಿಯಲ್ಲಿ ಪ್ರಕಾಶಕರು ದೆವ್ವ, ಪಿಶಾಚಿಗಳ ಹೆಸರನ್ನೇ ಕೈಬಿಟ್ಟರು. ಆ ಚರ್ಚೆ ನಡೆದದ್ದೆಲ್ಲ ಪುಸ್ತಕದಲ್ಲಿ ಏನಿದೆ ಎಂಬುದರ ಮೇಲೆ. ಮೇಜಿನ ಸುತ್ತ ಕುಳಿತವರಿಗೆ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. 1991ರ ವ್ಯಾಂಪೈರ್: ದಿ ಮಾಸ್ಕರೇಡ್ ಬಂದ ಮೇಲೆ ಕತ್ತಲೆಯ ವಸ್ತುವೇ ಆಟದ ಆಕರ್ಷಣೆಯಾಯಿತು. ಅದರ ಪ್ರಕಾಶಕರಾದ ವೈಟ್ ವುಲ್ಫ್ ‘ಬ್ಲ್ಯಾಕ್ ಡಾಗ್’ ಎಂಬ ಪ್ರತ್ಯೇಕ ಮುದ್ರೆಯಡಿ ವಯಸ್ಕರ ಪುಸ್ತಕಗಳನ್ನು ಹೊರತಂದರು. 1997ರಲ್ಲಿ ಬಂದ ಒಂದು ಪುಸ್ತಕ ನಾಜಿ ನರಮೇಧದಲ್ಲಿ ಸತ್ತವರ ಆತ್ಮಗಳನ್ನು ಕುರಿತದ್ದು. ಆದರೆ ವಯಸ್ಸಿನ ಮುದ್ರೆ ಕೊಳ್ಳುವವರಿಗಷ್ಟೇ ಎಚ್ಚರಿಕೆ. ಆಟಕ್ಕೆ ಕುಳಿತ ನಲವತ್ತರ ವ್ಯಕ್ತಿ ಹೋದ ವರ್ಷ ಮಗುವನ್ನು ಕಳೆದುಕೊಂಡಿದ್ದರೆ ಆ ಮುದ್ರೆಗೆ ಅದು ತಿಳಿಯುವ ಬಗೆಯಿಲ್ಲ.

ಮೇಜಿಗೆ ಬರಲಾಗದವರ ನೋವಿನ ಪ್ರಶ್ನೆಯೂ ಇದೆ. 2018ರಲ್ಲಿ ವ್ಯಾಂಪೈರ್ ಆಟದ ಐದನೆಯ ಆವೃತ್ತಿಯ ಒಂದು ಪುಸ್ತಕ, ಚೆಚೆನ್ಯಾದಲ್ಲಿ ಆಗ ನಡೆಯುತ್ತಿದ್ದ ಸಲಿಂಗಕಾಮಿಗಳ ದಮನವನ್ನು ರಕ್ತಪಿಶಾಚಿಗಳ ಸಂಚಿನ ಮರೆಯಾಗಿ ಚಿತ್ರಿಸಿತು. ತೀವ್ರ ವಿರೋಧ ಬಂತು. ಪ್ರಕಾಶಕರು ಕ್ಷಮೆ ಕೇಳಿ ಆ ಭಾಗವನ್ನು ತೆಗೆದರು. ಜೀವಂತ ಜನರ ಸಂಕಟ ಕತೆಗೆ ಬರಲೇಬಾರದೆಂದಿಲ್ಲ. ಅದರ ಹೊಣೆಯನ್ನು ಕಲ್ಪನೆಯ ದೆವ್ವಗಳ ಹೆಗಲಿಗೆ ದಾಟಿಸಿದ್ದು ಇಲ್ಲಿನ ತಪ್ಪು.

ಆಟದ ಒಳಗಿನಿಂದಲೇ ಬಂದ ಉಪಾಯಗಳಲ್ಲಿ ಹಳೆಯದು, ಇಂದಿಗೂ ಅತ್ಯಂತ ಉಪಯುಕ್ತವಾದದ್ದು, ‘ಲೈನ್ಸ್ ಅಂಡ್ ವೇಲ್ಸ್’. ಕನ್ನಡದಲ್ಲಿ ಗೆರೆ ಮತ್ತು ತೆರೆ ಎನ್ನಬಹುದು. ರಾನ್ ಎಡ್ವರ್ಡ್ಸ್ ತಮ್ಮ ಸಾರ್ಸರರ್ ಆಟಕ್ಕೆ ಪೂರಕವಾಗಿ 2003ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಗೆರೆಯ ಆಚೆಗಿನ ವಿಷಯ ಕತೆಯೊಳಕ್ಕೆ ಬರುವುದೇ ಇಲ್ಲ. ತೆರೆಯ ಹಿಂದಿನದು ನಡೆಯುತ್ತದೆ, ಕಣ್ಣೆದುರು ನಡೆಯುವುದಿಲ್ಲ. ಸೆರೆಸಿಕ್ಕ ಗೂಢಚಾರನ ಚಿತ್ರಹಿಂಸೆಗೆ ಗೆರೆ ಎಳೆದಿದ್ದರೆ ಆ ಕತೆಯಲ್ಲಿ ಚಿತ್ರಹಿಂಸೆಯೇ ಇಲ್ಲ. ತೆರೆ ಇಳಿಸಿದ್ದರೆ ಕೋಣೆಯ ಬಾಗಿಲು ಮುಚ್ಚುತ್ತದೆ, ಮುಂದಿನ ದೃಶ್ಯ ಮರುದಿನ ಬೆಳಿಗ್ಗೆ ತಪ್ಪೊಪ್ಪಿಗೆಯ ಕಾಗದದೊಂದಿಗೆ ತೆರೆದುಕೊಳ್ಳುತ್ತದೆ.

ಇಂಥ ಗೆರೆಗಳನ್ನು ಎಳೆಯುವುದು ‘ಸೆಷನ್ ಝೀರೋ’ದಲ್ಲಿ, ಎಂದರೆ ಆಟ ಶುರುವಾಗುವ ಮೊದಲಿನ ಮಾತುಕತೆಯಲ್ಲಿ. 2019ರಲ್ಲಿ ಮಾಂಟಿ ಕುಕ್ ಗೇಮ್ಸ್ ಉಚಿತವಾಗಿ ಹಂಚಿದ ‘ಕನ್ಸೆಂಟ್ ಇನ್ ಗೇಮಿಂಗ್’ ಎಂಬ ಕಿರುಪುಸ್ತಕದ ಕೊನೆಗೆ ಇದಕ್ಕೆಂದೇ ಒಂದು ಪಟ್ಟಿಯಿದೆ. ರಕ್ತ, ಇಲಿ, ಜೇಡ, ಮಕ್ಕಳಿಗೆ ಹಿಂಸೆ ಎಂದು ಸಾಗುವ ಒಂದೊಂದು ವಿಷಯಕ್ಕೂ ಆಟಗಾರರು ಹಸಿರು, ಹಳದಿ ಅಥವಾ ಕೆಂಪು ಗುರುತು ಹಾಕುತ್ತಾರೆ. 2020ರ ‘ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಮೂಲಕ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಅಧಿಕೃತ ಪುಸ್ತಕಗಳಲ್ಲೂ ಸೆಷನ್ ಝೀರೋಗೆ ಜಾಗ ಸಿಕ್ಕಿತು.

ಪಟ್ಟಿ ಎಷ್ಟು ಉದ್ದವಿದ್ದರೂ ಎಲ್ಲವನ್ನೂ ಮುಂಗಾಣಲಾರದು. ಅಲ್ಲಿ ನೆರವಿಗೆ ಬರುವುದು ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್. ಎಕ್ಸ್ ಎಂದು ಬರೆದ ಒಂದು ಕಾಗದದ ಚೀಟಿ ಮೇಜಿನ ನಡುವೆ ಇರುತ್ತದೆ, ಅಷ್ಟೇ. ಗೇಮ್ ಮಾಸ್ಟರ್ ಪ್ರವಾಹದಲ್ಲಿ ಮಗುಚಿದ ದೋಣಿಯನ್ನು, ಹಿಡಿತ ತಪ್ಪಿದ ಪುಟ್ಟ ಕೈಯನ್ನು ಬಣ್ಣಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅದುವರೆಗೆ ಉತ್ಸಾಹದಿಂದ ಮಾತಾಡುತ್ತಿದ್ದ ಆಟಗಾರ್ತಿ ಸುಮ್ಮನಾಗುತ್ತಾರೆ, ಕೈ ಚಾಚಿ ಚೀಟಿ ಮುಟ್ಟುತ್ತಾರೆ. ಗೇಮ್ ಮಾಸ್ಟರ್ ‘ಸರಿ, ದೋಣಿಯಲ್ಲಿದ್ದದ್ದು ಭತ್ತದ ಮೂಟೆಗಳು ಮಾತ್ರ’ ಎಂದು ತಿದ್ದಿ ಮುಂದುವರಿಯುತ್ತಾರೆ. ಏಕೆ ಎಂದು ಯಾರೂ ಕೇಳುವುದಿಲ್ಲ. ಕಾರ್ಡಿನ ಬೆಲೆಯೆಲ್ಲ ಆ ಕೇಳದಿರುವುದರಲ್ಲಿದೆ: ಕಾರಣ ಹೇಳಬೇಕಾಗಿ ಬಂದರೆ ನೋವನ್ನು ತಪ್ಪಿಸಿಕೊಳ್ಳಲೆಂದೇ ಅದನ್ನು ಎಲ್ಲರೆದುರು ಬಿಚ್ಚಿಡಬೇಕಾಗುತ್ತದೆ. ಗೇಮ್ ಮಾಸ್ಟರ್ ಕೂಡ ಕಾರ್ಡ್ ಮುಟ್ಟಬಹುದು. ಆದರೂ ಎಲ್ಲರ ಕಣ್ಣೆದುರು ಕೈ ಚಾಚಲು ಸಂಕೋಚಪಡುವವರಿದ್ದಾರೆ. ಆನ್‌ಲೈನ್ ಆಟಗಳಲ್ಲಿ ಖಾಸಗಿ ಸಂದೇಶ ಈ ಸಂಕೋಚವನ್ನು ತುಸು ಕಳೆಯುತ್ತದೆ. ‘ಓಪನ್ ಡೋರ್’ ಎಂಬ ಪದ್ಧತಿಯಲ್ಲಂತೂ ಯಾರು ಯಾವಾಗ ಬೇಕಾದರೂ ಸಬೂಬು ಹೇಳದೆ ಎದ್ದುಹೋಗಬಹುದು.

ಇಂಥ ಕ್ರಮಗಳಿಂದ ಭಯಾನಕ ಕತೆಯ ಕಾವು ಇಳಿಯುತ್ತದೆ ಎಂಬ ಆಕ್ಷೇಪ ಹಳೆಯದು. 2017ರ ಬ್ಲೂಬಿಯರ್ಡ್ಸ್ ಬ್ರೈಡ್ ಅದಕ್ಕೆ ಒಳ್ಳೆಯ ಉತ್ತರ. ಗಂಡನ ಮನೆಯ ಮುಚ್ಚಿದ ಕೋಣೆಗಳಲ್ಲಿ ಹೆಣ್ಣೊಬ್ಬಳು ಎದುರಿಸುವ ಭೀತಿಯೇ ಅದರ ವಸ್ತು. ಅಷ್ಟು ಉಗ್ರವಾದ ಆಟದ ನಿಯಮಗಳಲ್ಲೇ ಎಕ್ಸ್ ಕಾರ್ಡ್ ಸೇರಿದೆ. ನಿಲ್ಲಿಸಬಹುದೆಂಬ ಭರವಸೆ ಇದ್ದಾಗಲೇ ಆಟಗಾರರು ಆ ಬಾಗಿಲುಗಳನ್ನು ತೆರೆಯಲು ಒಪ್ಪುತ್ತಾರೆ.

ಪಾತ್ರದ ಭಾವ ಆಟ ಮುಗಿದ ಮೇಲೂ ಆಡಿದವರಲ್ಲಿ ಉಳಿಯುವುದನ್ನು ‘ಬ್ಲೀಡ್’ ಎನ್ನುತ್ತಾರೆ. ಕತೆಯಲ್ಲಿ ದ್ರೋಹ ಮಾಡಿದ ಗೆಳೆಯನ ಮೇಲೆ ಬಸ್ಸು ಹತ್ತುವಾಗಲೂ ಮುನಿಸು ಇರುವುದು ಇದೇ. ಹಾಗಾಗಿ ಅನೇಕ ತಂಡಗಳು ದಾಳಗಳನ್ನು ಎತ್ತಿಟ್ಟ ಮೇಲೆ ಹತ್ತು ನಿಮಿಷ ಕುಳಿತು, ಪಾತ್ರದ ಹೆಸರು ಬಿಟ್ಟು ಸ್ವಂತ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕರೆದುಕೊಂಡು, ಯಾವ ದೃಶ್ಯ ಕಾಡಿತು, ಮುಂದಿನ ಸಲ ಏನು ಬೇಡ ಎಂದು ಮಾತಾಡಿಕೊಳ್ಳುತ್ತವೆ. ಗೆರೆ ಮತ್ತು ತೆರೆಗಳ ಪಟ್ಟಿಗೆ ಹೊಸ ಸಾಲುಗಳು ಸೇರುವುದು ಹೆಚ್ಚಾಗಿ ಆ ಹತ್ತು ನಿಮಿಷಗಳಲ್ಲಿ.